ಬಾಯಿ ಹೇಳೋದೊಂದು, ಕೈ ಆರಿಸೋದೊಂದು: ಮಂಡ್ಯದ ಬೆಲ್ಲದ ಜೊತೆ ನನ್ನ ಅನುಭವ

ಮಂಡ್ಯದಲ್ಲಿ ಯಾರನ್ನಾದರೂ ನಿಲ್ಲಿಸಿ ಎಂಥ ಬೆಲ್ಲ ಬೇಕು ಅಂತ ಕೇಳಿ. "ಕೆಮಿಕಲ್ ಇರಬಾರ್ದು, ಅಷ್ಟೇ" ಅಂತಾರೆ. ಅದೇ ಮನುಷ್ಯ ಅಂಗಡಿಗೆ ಹೋದಾಗ ಕೈ ಹೋಗುವುದು ಹೊಂಬಣ್ಣದ ಅಚ್ಚಿನ ಕಡೆಗೆ. ಆಲೆಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು, ಬೇರೇನೂ ಬೆರೆಸದೆ ಕಾಯಿಸಿದರೆ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೇ ಬರುತ್ತದೆ. ಹೈಡ್ರೋಸ್ ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಬಟ್ಟೆಯ ಬಣ್ಣ ತೆಗೆಯೋಕೂ ಬಳಸುವ ಪುಡಿ ಅದು.

ನಾನು ಕೃಷಿ ಮಾರುಕಟ್ಟೆಯ ಬಗ್ಗೆ ಅಧ್ಯಯನ ಮಾಡುವವಳು. ಹೈಡ್ರೋಸ್ ಬಿಟ್ಟು ಬೆಲ್ಲ ಮಾಡುವ ಕೆಲವು ಆಲೆಮನೆಯವರು ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ನಮ್ಮ ಬೆಲ್ಲಕ್ಕೆ ಜನ ಎಷ್ಟು ಜಾಸ್ತಿ ಕೊಡ್ತಾರೆ ಮೇಡಂ?" ಇದಕ್ಕೆ ಉತ್ತರ ಹುಡುಕೋಕೆ ಮೂರ್ನಾಲ್ಕು ಶಾಸ್ತ್ರಗಳ ಮನೆ ಬಾಗಿಲು ತಟ್ಟಬೇಕಾಯಿತು.

ಮೊದಲು ನಾಲಿಗೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಅನ್ನುವ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಇದೆಯಲ್ಲ, ಹಾಗಾಗಿ ಆ ಊರಲ್ಲಿ ರುಚಿ ಪರೀಕ್ಷೆ ಗೊತ್ತಿರುವವರಿಗೆ ಬರವಿಲ್ಲ. ಆಹಾರ ವಿಜ್ಞಾನ ಓದಿದ ಗೆಳತಿಯೊಬ್ಬಳು ಕ್ರಮ ಹೇಳಿಕೊಟ್ಟಳು. ಪ್ರತಿ ಮಾದರಿಗೂ ಮೂರಂಕಿಯ ಗುರುತು ಕೊಡಬೇಕು. 1, 2 ಅಂತ ಬರೆದರೆ ಒಂದನೆಯದೇ ಮೇಲು ಅಂದುಕೊಳ್ಳುತ್ತಾರೆ. ಕೊಡುವ ಸರದಿ ಒಬ್ಬೊಬ್ಬರಿಗೆ ಒಂದೊಂದು ಥರ ಇರಬೇಕು. ನಡುವೆ ಬಾಯಿ ಮುಕ್ಕಳಿಸೋಕೆ ನೀರು. ಬಣ್ಣ ಕಾಣಬಾರದು ಅಂದರೆ ಕೆಂಪು ದೀಪ. ನಮ್ಮ ಹತ್ತಿರ ಪ್ರಯೋಗಾಲಯ ಎಲ್ಲಿ ಬರಬೇಕು? ಸಮುದಾಯ ಭವನದ ಒಂದು ಕೋಣೆಗೆ ಪರದೆ ಎಳೆದು ಕೆಂಪು ಬಲ್ಬ್ ಹಾಕಿದೆವು. ಒಬ್ಬರು ಅಜ್ಜ ಒಳಗೆ ಇಣುಕಿ, "ಫೋಟೋ ತೊಳೀತೀರೇನವ್ವ?" ಅಂದರು.

ಇಷ್ಟವನ್ನು 1ರಿಂದ 9ರವರೆಗೆ ಅಳೆಯುವ ಪದ್ಧತಿ ಒಂದಿದೆ. ಅಮೆರಿಕದ ಸೇನೆಯ ಆಹಾರ ಸಂಸ್ಥೆಯಲ್ಲಿ ಡೇವಿಡ್ ಪೆರ್ಯಾಮ್ ಮತ್ತು ಜೊತೆಯವರು ಸೈನಿಕರ ಊಟಕ್ಕಾಗಿ ಮಾಡಿದ್ದು. ಇಲ್ಲಿ ಕೇಳಿದರೆ ಎಲ್ಲಕ್ಕೂ 8, 9. ಎದುರಿಗೆ ಕೂತವಳಿಗೆ ಚೆನ್ನಾಗಿಲ್ಲ ಅನ್ನೋದು ಹೇಗೆ, ಪಾಪ. ಅದಕ್ಕೇ ಅಂಕ ಬಿಟ್ಟು ಜೋಡಿ ಜೋಡಿಯಾಗಿ ಕೊಟ್ಟು, "ಇವೆರಡರಲ್ಲಿ ಯಾವುದು?" ಅಂತ ಕೇಳಿದೆವು. ಮನಶ್ಶಾಸ್ತ್ರದಲ್ಲಿ ಲೂಯಿ ಥರ್ಸ್ಟೋನ್ 1927ರಲ್ಲೇ ಇದಕ್ಕೆ ಲೆಕ್ಕ ಹಾಕಿಕೊಟ್ಟಿದ್ದಾರೆ. ಉತ್ತರ ಅರ್ಧ ಅರ್ಧ ಬಂದರೆ ಎರಡೂ ಪದಾರ್ಥ ಮನಸ್ಸಿನಲ್ಲಿ ಹತ್ತಿರ ಹತ್ತಿರ ಇವೆ. ಹೆಚ್ಚು ಕಡಿಮೆ ಎಲ್ಲರೂ ಒಂದನ್ನೇ ಎತ್ತಿಕೊಂಡರೆ ನಡುವಿನ ಅಂತರ ದೊಡ್ಡದು. ಕೆಂಪು ದೀಪದ ಕೆಳಗೆ ಕಂದು ಬೆಲ್ಲ ಚೆನ್ನಾಗಿಯೇ ಗೆದ್ದಿತು. ಪರದೆ ಸರಿಸಿ ಕೊಟ್ಟಾಗ ಹಿಂದೆ ಬಿತ್ತು. ಬೆಲ್ಲ ಅದೇ, ನಾಲಿಗೆ ಅದೇ.

ಪಶುವೈದ್ಯ ಗೆಳೆಯನಿಗೆ ಇದನ್ನು ಹೇಳಿದಾಗ ನಕ್ಕ. "ನಮ್ಮವು ಬಾಯಿಬಿಟ್ಟು ಸುಳ್ಳು ಹೇಳಲ್ಲ" ಅಂದ. ಬ್ರಿಟನ್ನಿನಲ್ಲಿ 1965ರಲ್ಲಿ ಸಾಕುಪ್ರಾಣಿಗಳ ಕ್ಷೇಮದ ಬಗ್ಗೆ ವರದಿ ಕೊಟ್ಟ ಬ್ರ್ಯಾಂಬೆಲ್ ಸಮಿತಿ, ಕೋಳಿ ಗೂಡಿನ ತಳಕ್ಕೆ ತೆಳು ತಂತಿಯ ಆರುಮೂಲೆ ಜಾಲರಿ ಬೇಡ, ದಪ್ಪ ತಂತಿಯದು ಹಾಕಿ ಅಂದಿತ್ತು. ಹ್ಯೂಸ್ ಮತ್ತು ಬ್ಲ್ಯಾಕ್ ಅನ್ನುವ ಸಂಶೋಧಕರು 1973ರಲ್ಲಿ ಕೋಳಿಗಳಿಗೇ ಬಿಟ್ಟು ನೋಡಿದರೆ, ಅವು ಹೋಗಿ ನಿಂತಿದ್ದು ಬೇಡ ಅಂದಿದ್ದ ಜಾಲರಿಯ ಮೇಲೆ!

ಅರ್ಥಶಾಸ್ತ್ರದವರದ್ದೂ ಬಹಳ ಕಾಲ ಇದೇ ವಾದ. ಪಾಲ್ ಸ್ಯಾಮ್ಯುಯೆಲ್ಸನ್ 1938ರಲ್ಲಿ ಬರೆದದ್ದರ ಸಾರ ಇಷ್ಟು: ಮನಸ್ಸಿನೊಳಗೆ ಇಣುಕಬೇಡಿ, ಕೊಂಡದ್ದನ್ನು ನೋಡಿ. ಆದರೆ ನಮ್ಮ ಪೇಟೆಯಲ್ಲಿ ಕಂದು ಬೆಲ್ಲ ಎದುರಿಗೆ ಇಟ್ಟಿರುವ ಅಂಗಡಿಗಳೇ ಕಡಿಮೆ. ಇಲ್ಲದ್ದನ್ನು ಕೊಳ್ಳಲಿಲ್ಲ ಅಂದರೆ ಇಷ್ಟವಿಲ್ಲ ಅಂತ ಅರ್ಥವೇ? ಬಣ್ಣ, ಬೆಲೆ, ಲೇಬಲ್ ಬದಲಿಸಿ ಕಾರ್ಡ್ ತೋರಿಸಿ ಆರಿಸಿ ಅನ್ನುವ ವಿಧಾನವೂ ಇದೆ. ಅದರ ಹಿಂದಿನ ಲೆಕ್ಕಾಚಾರ ಕಟ್ಟಿದ ಡೇನಿಯಲ್ ಮ್ಯಾಕ್‌ಫ್ಯಾಡನ್‌ಗೆ 2000ದಲ್ಲಿ ನೊಬೆಲ್ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಬಾರ್ಟ್ ರೈಲು ಶುರುವಾಗುವ ಮೊದಲೇ ಕೆಲಸಕ್ಕೆ ಹೋಗುವವರಲ್ಲಿ ಅದನ್ನು ಹತ್ತುವವರ ಪಾಲು 6.3% ಅಂತ ಅವರ ತಂಡ ಅಂದಾಜು ಮಾಡಿತ್ತು, ಆಗಿದ್ದು 6.2%. ನಾವೂ ಕಾರ್ಡ್ ತೋರಿಸಿದೆವು. ಆದರೆ ಕಾರ್ಡಿಗೆ ಜೇಬಿನ ದುಡ್ಡು ಹೋಗಲ್ಲ ನೋಡಿ, ಎಲ್ಲರೂ ಧಾರಾಳಿಗಳೇ.

ನನಗೆ ನಿಜವಾಗಿ ಕೈ ಹಿಡಿದದ್ದು ಚೀಟಿ. ಬೆಕರ್, ಡಿಗ್ರೂಟ್, ಮಾರ್ಶಕ್ ಅನ್ನುವ ಮೂವರು 1964ರಲ್ಲಿ ಬರೆದ ಉಪಾಯ. ಬಂದವರಿಗೆ ಸಮಯದ ಕೂಲಿ ಅಂತ ಮೊದಲೇ ಒಂದಷ್ಟು ದುಡ್ಡು ಕೊಡುತ್ತೇವೆ. ಅದು ಅವರದ್ದೇ. ಎದುರಿಗೆ ಒಂದು ಕೆಜಿ ಬೆಲ್ಲ. ಇದಕ್ಕೆ ಜಾಸ್ತಿ ಅಂದರೆ ಎಷ್ಟು ಕೊಡ್ತೀರಿ ಅಂತ ಬರೆಯಬೇಕು. ಆಮೇಲೆ ಬೆಲೆ ಬರೆದ ಚೀಟಿಗಳಿರುವ ಡಬ್ಬಕ್ಕೆ ಅವರೇ ಕೈ ಹಾಕಬೇಕು. ಬಂದ ಚೀಟಿ ಅವರು ಬರೆದದ್ದಕ್ಕಿಂತ ಕಡಿಮೆಯೋ ಸಮವೋ ಆದರೆ, ಚೀಟಿಯ ಬೆಲೆಗೆ ಬೆಲ್ಲ ಕೊಳ್ಳಲೇಬೇಕು. ಜಾಸ್ತಿ ಬಂದರೆ ಬೆಲ್ಲ ಇಲ್ಲ.

ನಮ್ಮ ಜನಕ್ಕೆ ಚೌಕಾಸಿ ರಕ್ತದಲ್ಲೇ ಇದೆ, ಅಲ್ವಾ? ಮನಸ್ಸಿನಲ್ಲಿ 80 ಇದ್ದರೂ ಬರೆಯುವುದು 60. ಆಗ 70ರ ಚೀಟಿ ಬಂದರೆ, ಖುಷಿಯಿಂದ ಕೊಳ್ಳಬಹುದಾಗಿದ್ದ ಬೆಲ್ಲ ಕೈ ತಪ್ಪುತ್ತದೆ. ದೊಡ್ಡಸ್ತಿಕೆಗೆ 100 ಬರೆದು 90 ಬಂದರೆ, 80ರ ಮಾಲಿಗೆ 90 ತೆರಬೇಕು. ಮನಸ್ಸಿನಲ್ಲಿರುವುದನ್ನೇ ಬರೆಯುವುದು ಲಾಭ. ಇದು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತಲ್ಲ. ಅದಕ್ಕೆ ಮೊದಲು ಒಂದು ಬಿಸ್ಕತ್ ಪೊಟ್ಟಣಕ್ಕೆ ಚೀಟಿ ಎತ್ತಿಸುತ್ತೇನೆ. ಕಡಿಮೆ ಬರೆದು ಬಿಸ್ಕತ್ ಕಳಕೊಂಡವರು ಬೆಲ್ಲದ ಸರದಿಗೆ ತುಂಬಾ ಯೋಚಿಸಿ ಬರೆಯುತ್ತಾರೆ.

ಇದನ್ನು ಪೂರ್ತಿ ಶುರು ಮಾಡುವ ಮುಂಚೆ ನಮ್ಮ ಬೀದಿಯ ಒಬ್ಬ ಅಮ್ಮನ ಹತ್ತಿರ ನಮೂನೆ ತೋರಿಸಿದ್ದೆ. ಅವರು ಅಚ್ಚಿನ ಮೂಲೆ ಮುರಿದರು, ಉಗುರಿನಿಂದ ಕೆರೆದರು, ಮೂಸಿದರು, ಚೂರು ನೀರಿಗೆ ಹಾಕಿ ತಳದಲ್ಲಿ ಮರಳು ಕೂರುತ್ತಾ ನೋಡಿದರು. ಆಮೇಲೆ, "ಒಬ್ಬಟ್ಟಿಗೋ, ಕಾಫಿಗೋ, ಎಳ್ಳು ಬೀರೋಕೋ? ಯಾತಕ್ಕೆ ಅಂತ ಹೇಳ್ದೆ ಎಂಗವ್ವ ಬೆಲೆ ಕಟ್ಟೋದು?" ಅಂದರು. ಹಾಗಾಗಿ ನಮ್ಮ ಚೀಟಿಯಲ್ಲಿ ಬೆಲೆಗಿಂತ ಮೊದಲು "ಯಾತಕ್ಕೆ" ಅನ್ನುವ ಕಾಲಂ ಬಂತು. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಬೆಲೆಬಾಳುವ ಕಾಲಂ ಅದೇ. ದಿನದ ಕಾಫಿ, ಪಾಯಸ ಅಂದವರು ಕಂದು ಬೆಲ್ಲಕ್ಕೆ ಜಾಸ್ತಿ ಬರೆದರು. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಅಂದವರು, ಮನೆಯಲ್ಲಿ ಮಾತ್ರ ಕೆಮಿಕಲ್ ಬೇಡ ಅನ್ನುವವರೂ, ಹೊಂಬಣ್ಣದ್ದೇ ಬೇಕು ಅಂದರು. ನಾಲ್ಕು ಮನೆಗೆ ಹೋಗುವ ಬೆಲ್ಲ ಅದು.

ಆಲೆಮನೆಯವರಿಗೆ ಹೇಳಿದ್ದು ಇಷ್ಟು: ಪುಡಿ ಮಾಡಿ, ಕಾಫಿ ಬೆಲ್ಲ ಅಂತ ಸಣ್ಣ ಪ್ಯಾಕೆಟ್‌ನಲ್ಲಿ ಮಾರಿ, ಅಲ್ಲಿ ಜಾಸ್ತಿ ಬೆಲೆ ಸಿಗುತ್ತದೆ. ಎಳ್ಳು ಬೆಲ್ಲದ ವ್ಯಾಪಾರಕ್ಕೆ ಸದ್ಯ ಹೋಗಬೇಡಿ. ಒಬ್ಬರು ಒಪ್ಪಲಿಲ್ಲ. ಸಂಕ್ರಾಂತಿ ಬಿಟ್ಟರೆ ನಮ್ಮ ವರ್ಷವೇ ಬಿಟ್ಟ ಹಾಗೆ ಅಂದರು. ಅದೂ ಸರಿಯೇ. ಅವರಿಗಾಗಿ ಈಗ ಕಂದು ಬೆಲ್ಲದ ಚೂರಿನ ಜೊತೆ ಕೊಬ್ಬರಿ, ಕಡ್ಲೆ, ಎಳ್ಳು ಬೆರೆಸಿಟ್ಟು ಮತ್ತೆ ಚೀಟಿ ಎತ್ತಿಸುತ್ತಿದ್ದೇವೆ.