ಮೆಗಾ ಮ್ಯಾನ್ ಎಕ್ಸ್ 6 ಮತ್ತೆ ಆಡುವವರಿಗೆ
ಮಾರಾಯ್ರೆ, ಮಂಗಳೂರಿನ ಈ ಮಳೆಗೆ ಮನೆಯಲ್ಲೇ ಕೂತು 2001ರ ಮೆಗಾ ಮ್ಯಾನ್ ಎಕ್ಸ್ 6 ಮತ್ತೆ ಆಡುವ ಅಂತ ಇದ್ದರೆ, ಹಳೇ ಪ್ಲೇಸ್ಟೇಷನ್ ಸಿಡಿ ಹುಡುಕುವುದು ಬೇಡ. ಹಳೇ ಎಕ್ಸ್ ಆಟಗಳನ್ನು ಒಟ್ಟು ಸೇರಿಸಿದ 2018ರ ಎಕ್ಸ್ ಲೆಗಸಿ ಕಲೆಕ್ಷನ್ 2 ಸಾಕು. ಅದರಲ್ಲಿ ರೂಕಿ ಹಂಟರ್ ಅಂತ ಸುಲಭದ ಮೋಡ್ ಉಂಟು, ಪೆಟ್ಟು ಕಮ್ಮಿ. ನಾಚಿಕೆ ಎಂತಕ್ಕೆ? ಈ ಆಟದ ಅರ್ಧ ಕಷ್ಟ ಕೆಟ್ಟ ವಿನ್ಯಾಸದ್ದೇ.

ಮುಖ್ಯವಾಗಿ, ನಾವು ಕಾಪಾಡಬೇಕಾದ ರೆಪ್ಲಾಯ್ಡಿಗೆ (ಆಟದ ರೋಬೋಟ್) ನೈಟ್‌ಮೇರ್ ವೈರಸ್ ಹಿಡಿದರೆ ಅವನು ಮತ್ತೆ ಸಿಗುವುದಿಲ್ಲ, ಅವನ ಹತ್ತಿರ ಇದ್ದ ಪಾರ್ಟೂ (ಹೆಚ್ಚಿನ ಶಕ್ತಿ ಕೊಡುವ ಭಾಗ) ಹೋಯ್ತು. ಹಾಗಾಗಿ ಪ್ರತಿ ಸ್ಟೇಜಿಗೆ ಮೊದಲು ಸೇವ್ ಮಾಡಿ, ಕೈತಪ್ಪಿದರೆ ಅದನ್ನೇ ಲೋಡ್ ಮಾಡಿ. (ಕರೆಂಟ್ ಬೇರೆ ಯಾವಾಗ ಹೋಗ್ತದೋ!) ಕೊನೆಗೆ ಬರುವ ಖಳ ಗೇಟ್‌ನ ಲ್ಯಾಬಿಗೆ ನಾಯಕ ಎಕ್ಸ್ ಆರ್ಮರ್ (ಕವಚ) ಇಲ್ಲದೆ ಹೋದರೆ ದಾಟಲಾಗದೆ ಅಲ್ಲೇ ಬಾಕಿ ಆದೀತು. ಶ್ಯಾಡೋ ಆರ್ಮರಿಗೆ ಮುಳ್ಳು ಎಂತದೂ ಮಾಡುವುದಿಲ್ಲ, ಆದರೆ ಅದರಲ್ಲಿ ಏರ್ ಡ್ಯಾಶ್ (ಗಾಳಿಯಲ್ಲೇ ಮುನ್ನುಗ್ಗುವುದು) ಇಲ್ಲ, ಆಯ್ತಾ.