ಜೆಮ್5 ಮೇಲೆ ನನ್ನದೇ ಕರ್ನಲ್ ಓಡಿಸಿದ್ದು

ಜೆಮ್5 ಅಂದ್ರೆ ಕಂಪ್ಯೂಟರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುವ ಸಿಮ್ಯುಲೇಟರ್. ಅದರಲ್ಲಿ ಬರೀ ಪ್ರೋಗ್ರಾಂ ಓಡಿಸಬಹುದು (ಸಿಸ್‌ಕಾಲ್ ಮೋಡ್), ಇಲ್ಲವೇ ಆಪರೇಟಿಂಗ್ ಸಿಸ್ಟಮ್ ಸಮೇತ ಓಡಿಸಬಹುದು (ಫುಲ್ ಸಿಸ್ಟಮ್). "ಸಿಸ್‌ಕಾಲ್ ಮೋಡ್ ಸಾಕು, ಫುಲ್ ಸಿಸ್ಟಮ್ ಸಹವಾಸ ಬೇಡ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಆದರೆ ನಾನು ತಿದ್ದಿದ್ದು ಲಿನಕ್ಸಿನ ತಿರುಳಾದ ಕರ್ನಲ್ಲಿನ ಪೇಜ್ ಫಾಲ್ಟ್ ಹ್ಯಾಂಡ್ಲರನ್ನು, ಅಂದ್ರೆ ಪ್ರೋಗ್ರಾಂ ಕೇಳಿದ ಮೆಮೊರಿ ಪುಟ ಸಿಗದಿದ್ದಾಗ ಓಡುವ ಭಾಗವನ್ನು. ಸಿಸ್‌ಕಾಲ್ ಮೋಡಿನಲ್ಲಿ ಕರ್ನಲ್ಲೇ ಇರುವುದಿಲ್ಲ. ಅಲ್ಲಿ ಏನನ್ನು ಅಳೆಯುವುದು?

ಶುರುವಿನಲ್ಲಿ ಬರೀ ಪ್ಯಾನಿಕ್, ಅಂದ್ರೆ ಕರ್ನಲ್ ಅಲ್ಲೇ ನಿಂತುಬಿಡೋದು. ಟರ್ಮಿನಲ್ಲಿನಲ್ಲಿ ಪ್ರತಿ ಸಲ ಅದೇ ಸಾಲು: "ಅನ್‌ಏಬಲ್ ಟು ಮೌಂಟ್ ರೂಟ್ ಎಫ್‌ಎಸ್", ಮುಖ್ಯ ಡಿಸ್ಕೇ ತೆರೆಯುತ್ತಿಲ್ಲ ಅಂತ. ಡಿಸ್ಕ್ ಡ್ರೈವರ್ ಕರ್ನಲ್ಲಿನ ಹೊರಗೆ ಮಾಡ್ಯೂಲ್ ಆಗಿ ಕೂತಿತ್ತು, ಅದನ್ನು ಬೂಟ್ ಹೊತ್ತಿಗೆ ಒದಗಿಸುವ ಇನಿಟ್‌ಆರ್‌ಡಿ ಇರಲಿಲ್ಲ. ಪಿಐಐಎಕ್ಸ್ (ಡಿಸ್ಕ್ ಡ್ರೈವರ್), ಎಕ್ಸ್‌ಟಿ4 (ಫೈಲ್ ಸಿಸ್ಟಮ್) ಎರಡನ್ನೂ ಕರ್ನಲ್ಲಿನೊಳಗೇ ಸೇರಿಸಿದೆ. ಆದರೂ ಪ್ಯಾನಿಕ್! ಸ್ಕ್ರಿಪ್ಟಿನಲ್ಲಿ ರೂಟ್ ಡಿಸ್ಕಿನ ಹೆಸರು ಎಚ್‌ಡಿಎ1 ಅಂತ ಇತ್ತು. ಹಳೆಯ ಐಡಿಇ ಡ್ರೈವರನ್ನು ಲಿನಕ್ಸ್ 5.14ರಲ್ಲೇ ಕಿತ್ತು ಹಾಕಿದ್ದಾರೆ, ಹೊಸ ಕರ್ನಲ್ಲಿಗೆ ಅದು ಎಸ್‌ಡಿಎ1. ಒಂದೇ ಒಂದು ಅಕ್ಷರ, ವಾರಗಟ್ಟಲೆ ತಲೆನೋವು.

ಇನ್ನು ದುಡ್ಡಿನ ವಿಷಯ. ಜೆಮ್5ನ ಸರಳ ಸಿಪಿಯು ಮಾದರಿಯಾದ ಅಟಾಮಿಕ್ ಸಿಪಿಯುನಲ್ಲಿ ಉಬುಂಟು ಇಮೇಜ್ ಬೂಟ್ ಆಗಲು ಗಂಟೆಗಟ್ಟಲೆ ಬೇಕು. ನಿಜವಾದ ಪ್ರೊಸೆಸರಿನ ಮೇಲೇ ನೇರವಾಗಿ ಓಡಿಸುವ ಕೆವಿಎಂ ಇದ್ದರೆ ಒಂದೆರಡು ನಿಮಿಷ. ಅದಕ್ಕೇ ಕ್ಲೌಡ್ ಬಾಡಿಗೆಗೆ ಹಿಡಿದೆ. ಆ ಅಗ್ಗದ ಮಷೀನಿನೊಳಗೆ ಕೆವಿಎಂ ಇರಲೇ ಇಲ್ಲ. ಏಳೆಂಟು ಸಾವಿರ ನೀರಿಗೆ ಹೋಯ್ತು. ಕೊನೆಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್ ಸೇರಿ ಸುಮಾರು 22 ಸಾವಿರ. ಇವತ್ತಿಗೂ ಅದೇ ದುಡಿಯುತ್ತಿದೆ.

ಆಟ ಬದಲಾಗಿದ್ದು ಚೆಕ್‌ಪಾಯಿಂಟಿನಿಂದ, ಅಂದ್ರೆ ಮೆಮೊರಿ ಸಮೇತ ಆ ಕ್ಷಣದ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಶುರುಮಾಡೋದು. ಕರ್ನಲ್ಲಿನಲ್ಲಿ ಒಂದು ಸಾಲು ತಿದ್ದಿದರೂ ಹಳೆಯ ಚೆಕ್‌ಪಾಯಿಂಟ್ ಕಸಕ್ಕೆ, ಯಾಕಂದ್ರೆ ಕರ್ನಲ್ ಇರೋದೇ ಆ ಮೆಮೊರಿಯಲ್ಲಿ. ಹಾಗಾಗಿ ಹಳೇ ಹ್ಯಾಂಡ್ಲರ್, ಹೊಸ ಹ್ಯಾಂಡ್ಲರ್ ಎರಡನ್ನೂ ಒಂದೇ ಕರ್ನಲ್ಲಿಗೆ ಹಾಕಿ, ನಡುವೆ ಕರ್ನಲ್ ಓಡುತ್ತಿರುವಾಗಲೇ ಬದಲಾಯಿಸಬಹುದಾದ ಒಂದು ಸಿಸ್‌ಸಿಟಿಎಲ್ ಸ್ವಿಚ್ ಇಟ್ಟೆ. ಬೂಟ್ ಒಮ್ಮೆ, ಚೆಕ್‌ಪಾಯಿಂಟ್ ಒಂದು. ಆಮೇಲೆ ಹೊರಗಿನಿಂದ ಸಿಮ್ಯುಲೇಟರಿಗೆ ಕೊಡುವ ರೀಡ್‌ಫೈಲ್ ಸ್ಕ್ರಿಪ್ಟಿನಲ್ಲಿ 0 ಅಥವಾ 1 ಬರೆದು, ವಿವರವಾಗಿ ಅಳೆಯುವ ಓ3 ಸಿಪಿಯು ಮಾದರಿಗೆ ಬಿಟ್ಟರೆ ಆಯ್ತು. ಎರಡೂ ರನ್ ಶುರುವಾಗೋದು ಒಂದೇ ಸ್ಥಿತಿಯಿಂದ. ಇದು ನನಗೆ ಹೊಳೆದದ್ದು, ಯಾರೂ ಹೇಳಿಕೊಟ್ಟಿದ್ದಲ್ಲ!

ನಡುವೆ ಸುಮ್ನೆ ಎಚ್‌ಝಡ್ (ಕರ್ನಲ್ಲಿನ ಟೈಮರ್ ಸೆಕೆಂಡಿಗೆ ಎಷ್ಟು ಸಲ ತಟ್ಟಬೇಕು ಅನ್ನೋದು) 1000ದಿಂದ 100ಕ್ಕೆ ಇಳಿಸಿ ನೋಡಿದೆ. ಸಿಮ್ಯುಲೇಟರಿನೊಳಗೆ ನಾವು ಓಡಿಸೋದೇ ಹತ್ತಿಪ್ಪತ್ತು ಮಿಲಿಸೆಕೆಂಡ್. ಅಷ್ಟರಲ್ಲಿ ಟೈಮರ್ ಹತ್ತಿಪ್ಪತ್ತು ಸಲ ತಟ್ಟೋದಕ್ಕೂ ಒಂದೆರಡು ಸಲ ತಟ್ಟೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ರನ್‌ನಿಂದ ರನ್‌ಗೆ ಅಂಕಿಗಳ ಕುಣಿತ ತುಂಬಾ ಕಡಿಮೆಯಾಯ್ತು. ರಿಸ್ಕ್-5 ಅನ್ನೋ ಬೇರೆ ಬಗೆಯ ಪ್ರೊಸೆಸರನ್ನೂ ಮುಟ್ಟಿ ನೋಡಿದೆ, ನನ್ನ ಪಿಸಿಯಲ್ಲಿ ಅದಕ್ಕೆ ಕೆವಿಎಂ ಇಲ್ಲ, ಬಿಟ್ಟೆ.

ಹೊಸ ಹ್ಯಾಂಡ್ಲರಿನಿಂದ ಫಾಲ್ಟ್ ದಾರಿಯಲ್ಲಿ ಪ್ರೊಸೆಸರ್ ಸೈಕಲ್‌ಗಳು ಶೇ. 10-12ರಷ್ಟು ಇಳಿದಿವೆ. ಬೇಡ ಅಂದವರೇ ಈಗ ಕಾನ್ಫಿಗ್ ಫೈಲ್ ಕೇಳುತ್ತಿದ್ದಾರೆ, ಕೊಟ್ಟಿದ್ದೇನೆ. ಚೆಕ್‌ಪಾಯಿಂಟಿನಿಂದ ಶುರುಮಾಡಿದಾಗ ಪ್ರೊಸೆಸರಿನ ಕ್ಯಾಶ್ ಮೆಮೊರಿ ಖಾಲಿ ಇರುತ್ತದೆ, ಅದನ್ನು ಎಷ್ಟು ತುಂಬಿಸಿ (ಬಿಸಿ ಮಾಡಿ) ಎಲ್ಲಿ ಅಳತೆಯ ಅಂಕಿಗಳನ್ನು ಸೊನ್ನೆಗೆ ರೀಸೆಟ್ ಮಾಡ್ತೀನಿ ಅನ್ನೋದನ್ನು ಮಾತ್ರ ಪೇಪರ್ ಬರುವ ತನಕ ಹೇಳುವುದಿಲ್ಲ.