ಹಳೇ ಪುಸ್ತಕಕ್ಕೆ ಹೊಸ ಅಂಗಿ: ದುಡ್ಡು ಕೊಡುವ ಮುಂಚೆ ತಿರುವಿ ನೋಡಬೇಕಾದ ಪುಟ

ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆಗೆ ಒಂದು ಕತೆ ಪುಸ್ತಕ ತರಿಸಿಕೊಟ್ಟೆ. ಡೊಂಬಿವಲಿಯ ನಮ್ಮ ಮನೆಗೆ ಕನ್ನಡ ಪುಸ್ತಕ ಬಂದರೆ ಮೊದಲು ಅವರ ಕೈಗೇ ಹೋಗಬೇಕು. ಮುಖಪುಟ ಹೊಸದು, ಹೆಸರೂ ಹೊಸದು. ಅತ್ತೆ ಕನ್ನಡಕ ಹಾಕಿ ಕೂತರು. ಕುಕ್ಕರ್ ಮೂರನೇ ಸೀಟಿ ಹೊಡೆಯುವಷ್ಟರಲ್ಲಿ ಪುಸ್ತಕ ಮಡಚಿಟ್ಟರು. "ಇದು ನಾನು ಓದಿದ್ದಲ್ವಾ ಮಾರಾಯ್ತಿ? ಕೊನೆಗೆ ಆ ಮುದುಕ ದೋಣಿ ಮಾರ್ತಾನೆ, ನೋಡು ಬೇಕಾದ್ರೆ." ನೋಡಿದೆ. ಮಾರಿದ್ದ. ಮಂಚದಡಿಯ ಟ್ರಂಕಿನಿಂದ ಹಳೇ ಪ್ರತಿ ತೆಗೆದು ಪಕ್ಕಕ್ಕಿಟ್ಟರು. ಹಳೆಯದರಲ್ಲಿ ಹನ್ನೆರಡು ಕತೆ. ಅದರಲ್ಲಿ ಹನ್ನೊಂದು ಹೊಸದರಲ್ಲೂ ಇದ್ದವು, ಹಿಂದೆಮುಂದೆ ಮಾಡಿದ್ದರು ಅಷ್ಟೇ.

ಪ್ರಕಾಶಕರು ಮೋಸ ಮಾಡಿದರು ಅನ್ನಲಾರೆ. ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಈ ಮೊದಲು ಬೇರೆ ಹೆಸರಿನಲ್ಲಿ ಪ್ರಕಟವಾಗಿತ್ತು" ಎಂದು ಹಾಕಿದ್ದರು. ನಾನೇ ನೋಡಿರಲಿಲ್ಲ.

ಮುಂಬೈಯಲ್ಲಿರುವ ನಮಗೆ ಈ ತಾಪತ್ರಯ ಸ್ವಲ್ಪ ಜಾಸ್ತಿಯೇ. ನಿಂತು ತಿರುವಿ ಹಾಕಿ ಕೊಳ್ಳುವಂಥ ಕನ್ನಡ ಪುಸ್ತಕದ ಅಂಗಡಿ ಮನೆ ಹತ್ತಿರ ಯಾರಿಗಿದೆ? ಸಂಘದ ಕಾರ್ಯಕ್ರಮದಲ್ಲಿ ಮೇಜಿನ ಮೇಲೆ ಹರಡಿಟ್ಟದ್ದು, ಊರಿಂದ ಬಸ್ ಹತ್ತುವ ಮುಂಚೆ ಅವಸರದಲ್ಲಿ ಎತ್ತಿಕೊಂಡದ್ದು, ಫೋನಿನಲ್ಲಿ ಹೆಬ್ಬೆರಳಷ್ಟು ಚಿತ್ರ ನೋಡಿ ತರಿಸಿದ್ದು. ನಮ್ಮ ಖರೀದಿ ನಡೆಯುವುದೇ ಹೀಗೆ. ಅದಕ್ಕೇ ಎರಡು ನಿಮಿಷದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅದು ಹೀಗಿದೆ.

ಮೊದಲು, ಶೀರ್ಷಿಕೆ ಪುಟದ ಬೆನ್ನಿಗಿರುವ ಪುಟ

ಮುಖಪುಟ, ಬೆನ್ನುಡಿ ಎರಡನ್ನೂ ಬಿಡಿ. ಪುಸ್ತಕದ ಹೆಸರು ದೊಡ್ಡದಾಗಿರುವ ಒಳಪುಟ ತೆಗೆದು ಅದರ ಬೆನ್ನಿಗೆ ನೋಡಿ. ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಇರುತ್ತದೆ: ಪುಸ್ತಕದ ಹೆಸರು, ಅದು ಕಾದಂಬರಿಯೋ ಕಥಾಸಂಕಲನವೋ, ಬರೆದವರು, ಪ್ರಕಾಶಕರು. ಕೆಳಗೆ ಕನ್ನಡದಲ್ಲಿ ಹಕ್ಕು, ಮುದ್ರಣ, ಪುಟ, ಬೆಲೆ, ಬಳಸಿದ ಕಾಗದ, ಮುಖಪುಟ ವಿನ್ಯಾಸ. ಕಾಗದದ ತೂಕ ಎಷ್ಟು ಜಿಎಸ್‌ಎಂ ಅಂತ ಇಷ್ಟು ಕಾಳಜಿಯಿಂದ ತಿಳಿಸುವ ನಾವು, ಒಳಗಿನ ಕತೆ ಯಾವ ಕಾಲದ್ದು ಅಂತ ತಿಳಿಸಲು ಮಾತ್ರ ನಾಚಿಕೊಳ್ಳುತ್ತೇವೆ.

ಇಲ್ಲಿ ಒಂದು ಬಲೆಯಿದೆ. "ಮೊದಲ ಮುದ್ರಣ: 2022" ಎಂದು ಕಂಡ ಕೂಡಲೇ ಹೊಸ ಪುಸ್ತಕ ಅಂದುಕೊಳ್ಳಬೇಡಿ. ಹಳೇ ಪುಸ್ತಕವನ್ನು ಹೊಸ ಪ್ರಕಾಶಕರು ಕೈಗೆತ್ತಿಕೊಂಡಾಗ, ತಮ್ಮ ಲೆಕ್ಕದ ಮೊದಲ ಮುದ್ರಣವನ್ನಷ್ಟೇ ಹಾಕುವುದುಂಟು. ಆಗ ಏನು ಮಾಡುವುದು? ಮುನ್ನುಡಿಯ ಕೊನೆ ಸಾಲಿಗೆ ಹೋಗಿ. ನಮ್ಮ ಲೇಖಕರಿಗೆ ಒಳ್ಳೆಯ ಅಭ್ಯಾಸವೊಂದಿದೆ, ಮುನ್ನುಡಿ ಮುಗಿಸಿ ಊರು, ತಾರೀಕು ಬರೆಯುತ್ತಾರೆ. "ಮುಂಬಯಿ, ಯುಗಾದಿ 1984" ಅಂತಿದ್ದರೆ ವಿಷಯ ಮುಗಿಯಿತು. ಪುಸ್ತಕದ ನಿಜವಾದ ವಯಸ್ಸು ಅಲ್ಲಿರುತ್ತದೆ. ಎರಡು ಮುನ್ನುಡಿಗಳಿದ್ದರಂತೂ ಹಳೇದನ್ನೇ ಮೊದಲು ಓದಿ.

ಮುದ್ರಣ ಬೇರೆ, ಆವೃತ್ತಿ ಬೇರೆ. ಮರುಮುದ್ರಣ ಎಂದರೆ ಅದೇ ಪುಸ್ತಕ ಮತ್ತೆ ಅಚ್ಚಾಯಿತು ಎಂದರ್ಥ. ಪರಿಷ್ಕೃತ ಆವೃತ್ತಿ ಎಂದಿದ್ದರೆ ತಿದ್ದುಪಡಿ ಆಗಿದೆ, ಎಷ್ಟು ಆಗಿದೆ ಎಂದು ಲೇಖಕರ ಮಾತಿನಲ್ಲಿ ಹುಡುಕಿ. ಇಂಗ್ಲಿಷ್ ಪುಸ್ತಕಗಳ ಅದೇ ಪುಟದಲ್ಲಿ 10 9 8 7 6 5 4 3 ಎಂಬಂಥ ಅಂಕಿಗಳ ಸಾಲು ಕಂಡರೆ, ಉಳಿದಿರುವ ಅತಿ ಚಿಕ್ಕ ಅಂಕಿಯೇ ಎಷ್ಟನೇ ಮುದ್ರಣ ಎನ್ನುವುದರ ಗುರುತು. ಈ ಸಾಲಿನಲ್ಲಿ ಅದು ಮೂರನೆಯದು.

ಬಾರ್‌ಕೋಡ್ ಮೇಲಿನ ಸಂಖ್ಯೆ

ಹಿಂಬದಿಯ ಐಎಸ್‌ಬಿಎನ್ ಪುಸ್ತಕದ ಆಧಾರ್ ನಂಬರ್ ಇದ್ದಂತೆ ಅನ್ನುತ್ತಾರೆ. ಅರ್ಧ ಸರಿ. ಸಂಖ್ಯೆ ಒಂದೇ ಇದ್ದರೆ ಪುಸ್ತಕ ಒಂದೇ, ಅನುಮಾನ ಬೇಡ. ಮುಖಪುಟ ಅಥವಾ ಬೆಲೆ ಬದಲಾದ ಮಾತ್ರಕ್ಕೆ ಅದು ಬದಲಾಗಬೇಕಿಲ್ಲ. ಆದರೆ ಸಂಖ್ಯೆ ಬೇರೆ ಇದ್ದ ಮಾತ್ರಕ್ಕೆ ಪುಸ್ತಕವೂ ಬೇರೆ ಎನ್ನುವಂತಿಲ್ಲ. ಪುಸ್ತಕದ ಹೆಸರು ಬದಲಾದರೆ, ಪ್ರಕಾಶಕರು ಬದಲಾದರೆ, ಗಟ್ಟಿ ರಟ್ಟಿನದು ಪೇಪರ್‌ಬ್ಯಾಕ್ ಆದರೆ, ಇ-ಪುಸ್ತಕವಾದರೆ, ಪ್ರತಿ ಸಲವೂ ಹೊಸ ಸಂಖ್ಯೆ ಕೊಡಬೇಕು. ಒಳಗಿನ ಒಂದು ಅಕ್ಷರ ಬದಲಾಗದಿದ್ದರೂ ಸರಿ.

ಮನೆಯಲ್ಲಿ 2007ಕ್ಕಿಂತ ಹಿಂದಿನ ಪ್ರತಿ ಇದ್ದರೆ ಅದರ ಮೇಲೆ 10 ಅಂಕಿ ಇರುತ್ತದೆ. ಆ ವರ್ಷದ ಜನವರಿಯಿಂದ 13 ಅಂಕಿ ಬಂತು. ಎರಡನ್ನೂ ಹೋಲಿಸಲು ಒಂದು ಉಪಾಯ ಹೇಳುತ್ತೇನೆ. ಹೊಸ ಸಂಖ್ಯೆಯಲ್ಲಿ ಮುಂದಿನ 978 ಮುಚ್ಚಿ. ಎರಡರಲ್ಲೂ ಕೊನೆಯ ಅಂಕಿಯನ್ನು ಬೆರಳಿನಿಂದ ಮುಚ್ಚಿ, ಅದು ಲೆಕ್ಕ ತಾಳೆ ನೋಡಲು ಇಟ್ಟದ್ದು, ಬದಲಾಗುತ್ತದೆ. ಉಳಿದ ಒಂಬತ್ತು ಅಂಕಿ ಕೂಡಿ ಬಂದರೆ ಅದೇ ಪುಸ್ತಕ. 978ರ ನಂತರ 81 ಅಥವಾ 93 ಇದ್ದರೆ ಅದು ಭಾರತದ ಪ್ರಕಾಶಕರದು. ನಮ್ಮ ದೇಶದಲ್ಲಿ ಈ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಆದರೂ ಸಂಖ್ಯೆಯೇ ಇಲ್ಲದ ಕನ್ನಡ ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ.

ಕತೆ, ಕವಿತೆ, ಪ್ರಬಂಧವಾದರೆ ಪರಿವಿಡಿ

ಕಾದಂಬರಿಗಿಂತ ಸಂಕಲನಗಳಲ್ಲೇ ಹೆಚ್ಚು ಏಮಾರುವುದು. "ಆಯ್ದ", "ಸಮಗ್ರ", "ಮತ್ತು ಇತರ ಕತೆಗಳು" ಎಂಬ ಮಾತು ಕಂಡರೆ ನಿಂತುಬಿಡಿ. ಸಮಗ್ರ ಸಂಪುಟ ತಂದ ಮೇಲೆ ಬಿಡಿ ಸಂಕಲನಗಳು ಬೇಕಾಗುವುದಿಲ್ಲ. ಆಯ್ದದ್ದು ತಂದರೆ ಅರ್ಧ ನಿಮ್ಮಲ್ಲಿರುತ್ತದೆ. ಅನುವಾದದಲ್ಲೂ ಇದೇ ಕತೆ. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳು 2017ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್‌ನಲ್ಲಿ ಬಂದವು, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಬಹುಮಾನವೂ ಬಂತು. ಅವರ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆರಿಸಿದ ಕತೆಗಳವು. ಕನ್ನಡದಲ್ಲಿ ಓದಿದವರು ಅದನ್ನು ಹೊಸ ಪುಸ್ತಕವೆಂದು ಕೊಂಡರೆ ಪೆಚ್ಚಾಗಬೇಕಾಗುತ್ತದೆ. ಕನ್ನಡ ಓದಲು ಬಾರದ ನಿಮ್ಮ ಮಕ್ಕಳಿಗೆ ಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಗಿರೀಶ ಕಾರ್ನಾಡರ ಆತ್ಮಕಥೆಯ ಕನ್ನಡ ಹೆಸರು "ಆಡಾಡತ ಆಯುಷ್ಯ". 2021ರಲ್ಲಿ ಇಂಗ್ಲಿಷ್‌ಗೆ ಬಂದಾಗ "ದಿಸ್ ಲೈಫ್ ಅಟ್ ಪ್ಲೇ" ಆಯಿತು. ಎರಡನೇ ಭಾಗ ಬಂದಿದೆ ಅಂತ ನನ್ನ ಗೆಳತಿ ಓಡೋಡಿ ಹೋಗಿ ತಂದಿದ್ದಳು!

ಪರಿವಿಡಿ ನೋಡುವಾಗ ಹೆಸರನ್ನಷ್ಟೇ ನೆಚ್ಚಬೇಡಿ, ಕತೆಯ ಹೆಸರನ್ನೂ ಬದಲಿಸಿರುತ್ತಾರೆ. ಯಾವುದಾದರೂ ಎರಡು ಕತೆಯ ಮೊದಲ ಪ್ಯಾರಾ ಓದಿ. ಓದಿದ್ದರೆ ತಲೆಗೆ ಹೊಳೆದೇ ಹೊಳೆಯುತ್ತದೆ.

ಯಾವ ಕಾರಂತರು?

ಇನ್ನು ಹೆಸರಿನ ಗೊಂದಲ. ಇದರಲ್ಲಿ ನನಗೆ ಪುಸ್ತಕದ ಗೊಂದಲಕ್ಕಿಂತ ಜಾಸ್ತಿ ಮಜಾ ಸಿಕ್ಕಿದೆ. ನಷ್ಟವೂ ಅಷ್ಟೇ.

ಆನ್‌ಲೈನ್ ಅಂಗಡಿಯಲ್ಲಿ ಕಾರಂತ ಎಂದು ಹೊಡೆಯಿರಿ. ಕಾದಂಬರಿಕಾರ ಶಿವರಾಮ ಕಾರಂತರು ಬರುತ್ತಾರೆ, ರಂಗಭೂಮಿಯ ಬಿ.ವಿ. ಕಾರಂತರು ಬರುತ್ತಾರೆ, ಹುಲಿಗಳ ಬಗ್ಗೆ ಬರೆಯುವ ಉಲ್ಲಾಸ ಕಾರಂತರೂ ಬರುತ್ತಾರೆ. ಮೂರನೆಯವರು ಮೊದಲನೆಯವರ ಮಗ. ಸಾಲದ್ದಕ್ಕೆ "ಚೋಮನ ದುಡಿ" ಕಾದಂಬರಿ ಶಿವರಾಮ ಕಾರಂತರದು, ಅದರ 1975ರ ಸಿನಿಮಾ ಬಿ.ವಿ. ಕಾರಂತರದು. ಒಂದೇ ಕೃತಿಯ ಪಕ್ಕ ಇಬ್ಬರು ಕಾರಂತರು ಕೂತಿದ್ದರೆ ಕಂಪ್ಯೂಟರ್ ತಾನೇ ಏನು ಮಾಡೀತು?

ನಮ್ಮ ಮುಂಬೈಯವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಚಿತ್ತಾಲರು. "ಶಿಕಾರಿ"ಯ ಯಶವಂತ ಚಿತ್ತಾಲರು ಕತೆ, ಕಾದಂಬರಿ ಬರೆದವರು. ಗಂಗಾಧರ ಚಿತ್ತಾಲರು ಕವಿ, ಅವರ ಅಣ್ಣ. ಇಬ್ಬರೂ ಉತ್ತರ ಕನ್ನಡದ ಹನೇಹಳ್ಳಿಯವರು. ಸುಮ್ನೆ "ಚಿತ್ತಾಲರ ಸಮಗ್ರ" ಅಂತ ಹೇಳಿ ಊರಿಂದ ಯಾರ ಹತ್ತಿರವಾದರೂ ತರಿಸಿದರೆ ಕತೆ ಕೇಳಿದವರಿಗೆ ಕವಿತೆ ಬಂದೀತು. ಕಾಯ್ಕಿಣಿ ಎಂದರೂ ಅಷ್ಟೇ. ಗೌರೀಶ ಕಾಯ್ಕಿಣಿ ತಂದೆ, ಜಯಂತ ಮಗ.

ಅಡ್ಡಹೆಸರು ಮಾತ್ರ ಹಿಡಿದು ಹೋದರೆ ಮಹಾರಾಷ್ಟ್ರದಲ್ಲಿ ಇನ್ನೂ ಕಷ್ಟ. ದೇಶಪಾಂಡೆ ಎಂದರೆ ಮರಾಠಿ ಹಾಸ್ಯದ ಪು.ಲ. ದೇಶಪಾಂಡೆ ಇದ್ದಾರೆ. ಅವರ ಹೆಂಡತಿ ಸುನೀತಾ ಕೂಡ ಲೇಖಕಿ. ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದ ಗೌರಿ ದೇಶಪಾಂಡೆ ಬೇರೆ. ಇಂಗ್ಲಿಷ್‌ನಲ್ಲಿ ಬರೆಯುವ ಶಶಿ ದೇಶಪಾಂಡೆ ನಮ್ಮ ನಾಟಕಕಾರ ಶ್ರೀರಂಗರ ಮಗಳು. ಶ್ರೀರಂಗರ ನಿಜ ಹೆಸರು ಆದ್ಯ ರಂಗಾಚಾರ್ಯ. ಅಪ್ಪನ ಹೆಸರಿಗೂ ಮಗಳ ಹೆಸರಿಗೂ ಒಂದಕ್ಷರದ ನಂಟಿಲ್ಲ. ಕುಲಕರ್ಣಿ ಎಂದಿರೋ, ಧಾರವಾಡದಲ್ಲಿ ಪಾಠ ಹೇಳುತ್ತ ಮರಾಠಿಯಲ್ಲಿ ಕತೆ ಬರೆದ ಜಿ.ಎ. ಕುಲಕರ್ಣಿ ಎದುರಾಗುತ್ತಾರೆ.

ಇನಿಶಿಯಲ್ ಬಿಡಿಸುವ ರೀತಿಯೂ ನಮ್ಮಲ್ಲಿ ಎರಡಿದೆ. ಯು.ಆರ್. ಅನಂತಮೂರ್ತಿ ಎಂದರೆ ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ದ.ರಾ. ಬೇಂದ್ರೆ ಎಂದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮೊದಲು ಸ್ವಂತ ಹೆಸರು, ಆಮೇಲೆ ತಂದೆ, ಕೊನೆಗೆ ಮನೆತನ. ಅಂಗಡಿಯ ಯಂತ್ರ ಎರಡಕ್ಕೂ ಒಂದೇ ಸೂತ್ರ ಹಾಕಿ ಕೊನೆಯ ಪದವನ್ನು ಅಡ್ಡಹೆಸರು ಮಾಡಿಕೊಳ್ಳುತ್ತದೆ. ಹಾಗಾಗಿ ರಾವ್, ಮೂರ್ತಿ, ಭಟ್ ಹೆಸರಿನಡಿ ನೂರಾರು ಜನ ಒಂದೇ ರಾಶಿಯಲ್ಲಿ ಬೀಳುತ್ತಾರೆ. ನೀವು ಹುಡುಕುವಾಗ ಇನಿಶಿಯಲ್ ಬಿಡಿಸಿ ಪೂರ್ತಿ ಹೆಸರು ಹಾಕಿ, ಜೊತೆಗೆ ಒಂದು ಪ್ರಸಿದ್ಧ ಕೃತಿಯ ಹೆಸರು ಸೇರಿಸಿ. ಪುಸ್ತಕ ಕೈಯಲ್ಲಿದ್ದರೆ "ಲೇಖಕರ ಇತರ ಕೃತಿಗಳು" ಪಟ್ಟಿ ನೋಡಿ. ನಿಮಗೆ ಗೊತ್ತಿರುವ ಒಂದೂ ಹೆಸರು ಅಲ್ಲಿಲ್ಲದಿದ್ದರೆ ಇವರು ಬೇರೆಯವರಿರಬಹುದು.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ವಿನ್‌ಸ್ಟನ್ ಚರ್ಚಿಲ್ ಹೆಸರಿನ ಅಮೆರಿಕದ ಕಾದಂಬರಿಕಾರರೊಬ್ಬರಿದ್ದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ 1899ರಲ್ಲಿ ಅವರಿಗೆ ಪತ್ರ ಬರೆದು, ಇನ್ನು ಮುಂದೆ ನನ್ನ ಪುಸ್ತಕಗಳಿಗೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಹಾಕುತ್ತೇನೆ ಎಂದರು. ಆಗ ಅಮೆರಿಕದವರೇ ಹೆಚ್ಚು ಹೆಸರಾದ ಲೇಖಕ!

ಫೌಂಟನ್ ಫುಟ್‌ಪಾತಿನಲ್ಲಿ

ಫ್ಲೋರಾ ಫೌಂಟನ್ ಹತ್ತಿರವೋ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲೋ ಹಳೇ ಪತ್ತೇದಾರಿ ಕಾದಂಬರಿ ಆರಿಸುವವರು ಒಂದು ವಿಷಯ ತಿಳಿದಿರಬೇಕು. ಅಗಾಥಾ ಕ್ರಿಸ್ಟಿಯವರ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು ಹೆಸರು ಇಡುತ್ತಿದ್ದರು. "ಡೆತ್ ಇನ್ ದ ಕ್ಲೌಡ್ಸ್" ಅಮೆರಿಕದಲ್ಲಿ "ಡೆತ್ ಇನ್ ದಿ ಏರ್". "ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್" 1934ರಲ್ಲಿ ಅಲ್ಲಿಗೆ ಹೋದದ್ದು "ಮರ್ಡರ್ ಇನ್ ದ ಕ್ಯಾಲೆ ಕೋಚ್" ಆಗಿ. ಫುಟ್‌ಪಾತಿನಲ್ಲಿ ಎರಡೂ ದೇಶದ ಪ್ರತಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಒಳಪುಟದಲ್ಲಿ "ಫಸ್ಟ್ ಪಬ್ಲಿಷ್ಡ್ ಆ್ಯಸ್" ಎಂಬ ಮೂರು ಪದ ಹುಡುಕಿ.

ಫೋನಿನಲ್ಲಿ ಕೊಳ್ಳುವಾಗ

ಒಳಪುಟದ ಚಿತ್ರ ಹಾಕಿದ್ದರೆ ದೊಡ್ಡದು ಮಾಡಿ ನೋಡಿ. ಹಾಕಿಲ್ಲವೆಂದರೆ ಮಾರುವವರಿಗೆ ವಾಟ್ಸಾಪ್‌ನಲ್ಲಿ ಕೇಳಿ. ಕನ್ನಡ ಪುಸ್ತಕ ಮಾರುವ ಚಿಕ್ಕ ಅಂಗಡಿಯವರು ಬೇಸರಿಸದೆ ಕಳಿಸುತ್ತಾರೆ, ನನ್ನ ಅನುಭವ. ಹೆಸರನ್ನು ಕನ್ನಡದಲ್ಲೂ ಹುಡುಕಿ, ಇಂಗ್ಲಿಷ್‌ನಲ್ಲಿ ಎರಡು ಮೂರು ಸ್ಪೆಲಿಂಗ್‌ನಲ್ಲೂ ಹುಡುಕಿ. ಭೈರಪ್ಪ, ಕಾಯ್ಕಿಣಿ, ಕಂಬಾರ ಈ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಪ್ರಸಿದ್ಧ ಪುಸ್ತಕದ ಪುಟಸಂಖ್ಯೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಅದು ಸಾರಾಂಶವೋ ಸಂಕ್ಷಿಪ್ತ ರೂಪವೋ ಆಗಿರುತ್ತದೆ. ಆ ಪದವನ್ನು ಮುಖಪುಟದ ಮೂಲೆಯಲ್ಲಿ ಸಣ್ಣಗೆ ಹಾಕಿರುತ್ತಾರೆ.

ತೀರಾ ಹಳಬರ ಪುಸ್ತಕಗಳಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ನಮ್ಮ ಕಾಪಿರೈಟ್ ಕಾಯ್ದೆಯಂತೆ ಹಕ್ಕು ಲೇಖಕರು ಬದುಕಿರುವವರೆಗೂ, ಅವರು ತೀರಿದ ಮೇಲೆ 60 ವರ್ಷವೂ ಇರುತ್ತದೆ. ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನು ಯಾವ ಬಣ್ಣದ ಚಿತ್ರ ಹಾಕಿ, ಯಾವ ಹೆಸರಿಟ್ಟು ಬೇಕಾದರೂ ಮಾರಬಹುದು. ಅವರು "ಕವಿಶಿಷ್ಯ" ಎಂಬ ಹೆಸರಿನಲ್ಲೂ ಬರೆದಿದ್ದರು. ಎರಡು ಹೆಸರು ಕಂಡು ಇಬ್ಬರು ಕವಿಗಳು ಅಂದುಕೊಳ್ಳಬೇಡಿ. ಇಂಥ ಪುಸ್ತಕಗಳಲ್ಲಿ ಸಂಪಾದಕರು ಯಾರು, ಅನುವಾದವಾದರೆ ಅನುವಾದಕರು ಯಾರು ಎಂದು ನೋಡಿ. ಯಾರ ಹೆಸರೂ ಇಲ್ಲದಿದ್ದರೆ ನಾನಂತೂ ವಾಪಸ್ ಇಡುತ್ತೇನೆ.

ತಪ್ಪು ಪುಸ್ತಕ ಬಂದೇಬಿಟ್ಟರೆ

ಮೊದಲು ಅಂಗಡಿಯ ಪುಟದಲ್ಲಿ ಕೊಟ್ಟಿದ್ದ ವಿವರದ ಸ್ಕ್ರೀನ್‌ಶಾಟ್ ತೆಗೆದಿಡಿ. ಅಲ್ಲಿ ಬರೆದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಅದೇ ಕಾರಣ ಕೊಟ್ಟು ವಾಪಸ್ ಕಳಿಸಿ. ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬೇರೆಯವರ ಪುಸ್ತಕದ ಹೆಸರನ್ನೇ ಇಟ್ಟಿದ್ದಾರೆ ಅನ್ನುವುದಷ್ಟೇ ನಿಮ್ಮ ದೂರಾದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸಿನಿಮಾ ಹೆಸರೊಂದರ ಜಗಳದಲ್ಲಿ ಹೇಳಿದೆ.

ಈಗ ನನ್ನ ಫೋನಿನಲ್ಲಿ ಒಂದು ಆಲ್ಬಂ ಇದೆ. ಮನೆಯಲ್ಲಿರುವ ಪ್ರತಿ ಪುಸ್ತಕದ ಮುದ್ರಣದ ಪುಟ, ಪರಿವಿಡಿ, ಎರಡೇ ಫೋಟೊ. ಮುಖಪುಟದ್ದು ತೆಗೆಯುವುದಿಲ್ಲ. ಸಂಘದಲ್ಲಿ ಮೇಜಿನ ಮುಂದೆ ನಿಂತು ಫೋನ್ ಉಜ್ಜುತ್ತಿದ್ದರೆ ಜನ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಅತ್ತೆಯ ಎರಡು ಪ್ರತಿಗಳಲ್ಲಿ ಒಂದನ್ನು ಸಂಘದ ಲೈಬ್ರರಿಗೆ ಕೊಡೋಣ ಅಂದೆ. ಹೊಸದನ್ನು ಬಿಡಲಿಲ್ಲ, ಅಕ್ಷರ ದೊಡ್ಡದಿದೆಯಂತೆ. ಹಾಗಾದರೆ ಹಳೇದು ಕೊಡಿ ಅಂದರೆ, ಹೊಸದರಲ್ಲಿ ಕೈಬಿಟ್ಟಿರುವ ಆ ಹನ್ನೆರಡನೇ ಕತೆಯೇ ಅವರಿಗೆ ಇಷ್ಟದ್ದಂತೆ. ಎರಡೂ ಟ್ರಂಕಿಗೇ ಹೋದವು.